ಬೇಡವೆನಿಸುವ ನೆಂಟರಿಗೆ ಸುಲಭದ ಊಟ: ಫೋನ್ ಬಂದಾಗಿನಿಂದ ತಾಂಬೂಲ ಕೊಡುವವರೆಗೆ

ಕೆಲವರು ಬರುತ್ತೇವೆಂದು ಫೋನ್ ಮಾಡಿದ ಕೂಡಲೇ ಮನಸ್ಸು ಕುಗ್ಗುತ್ತದೆ. ಮನೆಮಗಳ ವಯಸ್ಸನ್ನು ಪ್ರತಿ ಸಲ ಎಣಿಸುವವರು, ಸೋಫಾಕ್ಕೆ ಎಷ್ಟು ಕೊಟ್ಟಿರಿ ಎಂದು ಕೇಳುವವರು, ಪಾಲು ಮುಗಿದು ಎಷ್ಟೋ ವರ್ಷವಾದರೂ ಆಸ್ತಿಯ ಮಾತನ್ನೇ ತೆಗೆಯುವವರು, ಸಾಲಕ್ಕೆಂದೇ ಮನೆ ಹುಡುಕಿಕೊಂಡು ಬರುವವರು. ಬರಬೇಡಿ ಎನ್ನಲು ಬಾಯಿ ಬರುವುದಿಲ್ಲ. ಸಂಬಂಧ ಹತ್ತಿರದ್ದು, ನಾಳೆ ಮದುವೆ ಮುಂಜಿಗಳಲ್ಲಿ ಎದುರಾಗಬೇಕಾದವರು.

ಇಂಥವರಿಗೂ ಹೊಟ್ಟೆ ತುಂಬ, ರುಚಿಯಾಗಿ ಊಟ ಹಾಕಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರಿಗಾಗಿ ಇಡೀ ಭಾನುವಾರವನ್ನು ಒಲೆಯ ಮುಂದೆ ಕಳೆಯಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ನೆಂಟರ ಮೇಲಿನ ಕಹಿಯಲ್ಲಿ ದೊಡ್ಡ ಪಾಲು ಅವರ ಮಾತಿನಿಂದ ಬಂದದ್ದಲ್ಲ. ಬೆಳಿಗ್ಗೆ ಐದಕ್ಕೆದ್ದು ಕಾಯಿ ತುರಿದು, ಹೋಳಿಗೆ ತಟ್ಟಿ, ಕೊನೆಗೆ ಆ ಮಾತು ಕೇಳಬೇಕಾಯಿತಲ್ಲ ಎಂಬ ಸಂಕಟದಿಂದ ಬಂದದ್ದು. ಶ್ರಮ ಕಡಿಮೆಯಾದರೆ ಅವರ ಮಾತು ಅಷ್ಟು ಚುಚ್ಚುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಅಡುಗೆಗಳೆಲ್ಲ ಹೆಸರು ದೊಡ್ಡದಿದ್ದು ಕೆಲಸ ಚಿಕ್ಕದಿರುವಂಥವು.

ಮೊದಲ ಹೆಜ್ಜೆ: ಫೋನಿನಲ್ಲೇ ಹೊತ್ತು ಗೊತ್ತು ಮಾಡಿ

ನಮ್ಮ ಬಾಯಿಗೆ ಒಂದು ಅಭ್ಯಾಸವಿದೆ. ಯಾರೇ ಬರುತ್ತೇವೆಂದರೂ "ಊಟಕ್ಕೇ ಬಂದುಬಿಡಿ" ಎನ್ನುತ್ತೇವೆ. ಈ ಒಂದು ಮಾತನ್ನು ನಿಲ್ಲಿಸಿದರೆ ಅರ್ಧ ಕೆಲಸ ತಪ್ಪುತ್ತದೆ. "ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ತಿಂಡಿಗೆ ಬನ್ನಿ, ಹನ್ನೊಂದೂವರೆಗೆ ನಾವು ಹೊರಡಬೇಕು" ಎಂದು ಮೊದಲೇ ಹೇಳಿ. ಹೊರಡುವುದು ಸುಳ್ಳಾಗಬೇಕಿಲ್ಲ. ಬ್ಯಾಂಕಿನ ಕೆಲಸವಲ್ಲದಿದ್ದರೆ ದೇವಸ್ಥಾನ, ದೇವಸ್ಥಾನವಲ್ಲದಿದ್ದರೆ ಸಂತೆ; ನಿಜವಾಗಿಯೂ ಒಂದು ಕೆಲಸ ಇಟ್ಟುಕೊಳ್ಳಿ. ಮಧ್ಯಾಹ್ನದ ಊಟಕ್ಕೆ ಕೊನೆಯಿಲ್ಲ. ಊಟದ ಮೇಲೆ ಎಲೆಯಡಿಕೆ, ಆಮೇಲೆ ಸಣ್ಣ ನಿದ್ದೆ, ಎದ್ದ ಮೇಲೆ ಕಾಫಿ, ಹೀಗೆ ಸಂಜೆಯಾಗುತ್ತದೆ. ಬೆಳಗಿನ ತಿಂಡಿಗೆ ಆ ಬಾಲವಿಲ್ಲ.

ಹಿರಿಯರು ಬರುವುದಾದರೆ ರಾಹುಕಾಲವನ್ನೂ ನೋಡಿಕೊಳ್ಳಿ. ಭಾನುವಾರ ಸಂಜೆ 4.30ರಿಂದ 6ರವರೆಗೆ ರಾಹುಕಾಲ. ನಾಲ್ಕು ಗಂಟೆಗೆ ಕಾಫಿಗೆ ಕರೆದರೆ, ರಾಹುಕಾಲದಲ್ಲಿ ಹೊರಡಬಾರದೆಂದು ಆರರವರೆಗೆ ಕೂರುತ್ತಾರೆ. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿ ರಾತ್ರಿ ಊಟದ ಮಾತು ಬರುತ್ತದೆ. ಎರಡೂವರೆಗೆ ಕರೆದರೆ ನಾಲ್ಕೂಕಾಲಕ್ಕೆ ತಾವಾಗಿಯೇ ಏಳುತ್ತಾರೆ. ಶನಿವಾರದ ರಾಹುಕಾಲ ಬೆಳಿಗ್ಗೆ 9ರಿಂದ 10.30, ಹಾಗಾಗಿ ಶನಿವಾರದ ತಿಂಡಿ ಎಳೆದಾಡುತ್ತದೆ. ತಿಂಡಿಗೆ ಭಾನುವಾರವೇ ಒಳ್ಳೆಯದು.

ಅದೇ ಫೋನಿನಲ್ಲಿ ಮೂರು ವಿಷಯ ಕೇಳಿಬಿಡಿ: ಎಷ್ಟು ಜನ, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಇದ್ದಾರೆಯೇ, ಒಪ್ಪತ್ತು ಅಥವಾ ಏಕಾದಶಿ ಯಾರಿಗಾದರೂ ಇದೆಯೇ. ಎಲ್ಲ ಬಡಿಸಿದ ಮೇಲೆ "ನಾನು ಇವತ್ತು ಅನ್ನ ಮುಟ್ಟುವುದಿಲ್ಲ" ಎಂಬ ಮಾತು ಕೇಳಿ ಮತ್ತೆ ಒಲೆ ಹಚ್ಚುವುದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಯಾರ ಕಡೆಯ ನೆಂಟರೋ ಅವರೇ ಅಡುಗೆಗೆ ಕೈ ಹಾಕಲಿ. ಗಂಡನ ಚಿಕ್ಕಪ್ಪ ಬರುವುದಾದರೆ ತರಕಾರಿ ಹೆಚ್ಚುವುದು, ತಟ್ಟೆ ಇಡುವುದು, ಬಡಿಸುವುದು ಗಂಡನ ಕೆಲಸ. ನಮ್ಮ ಎಷ್ಟೋ ಮನೆಗಳಲ್ಲಿ ಮಾತನಾಡುವ ಹಕ್ಕು ಗಂಡಸರಿಗೂ ಬೇಯಿಸುವ ಭಾರ ಹೆಂಗಸರಿಗೂ ಹಂಚಿಹೋಗಿದೆ. ಬೇಡದ ನೆಂಟರು ಬಂದಾಗ ಈ ಅನ್ಯಾಯ ಇನ್ನಷ್ಟು ಎದ್ದು ಕಾಣುತ್ತದೆ.

ಎರಡನೆಯ ಹೆಜ್ಜೆ: ಏನು ಮಾಡಬಾರದೆಂದು ತಿಳಿಯಿರಿ

ಒಬ್ಬೊಬ್ಬರ ತಟ್ಟೆಗೆ ಬಿಸಿಬಿಸಿಯಾಗಿ ಹೋಗಬೇಕಾದದ್ದನ್ನು ಒಪ್ಪಿಕೊಳ್ಳಬೇಡಿ. ಪೂರಿ, ಚಪಾತಿ, ನೀರುದೋಸೆ, ಬಜ್ಜಿ, ಗೋಳಿಬಜೆ ಈ ಸಾಲಿನವು. ತಿನ್ನುವವರು ಕೂತಿರುವಷ್ಟು ಹೊತ್ತೂ ನೀವು ನಿಂತಿರಬೇಕು, ಕೊನೆಯಲ್ಲಿ ಆರಿದ್ದನ್ನು ತಿನ್ನಬೇಕು.

ಇದಕ್ಕೊಂದು ಅಪವಾದವಿದೆ. ಬಂದವರ ಎದುರು ಕೂರುವುದೇ ಬೇಡವಾಗಿದ್ದರೆ ದೋಸೆಯ ಕಾವಲಿಯ ಮುಂದೆ ನಿಲ್ಲುವುದೇ ನೆಮ್ಮದಿ. ನಡುಮನೆಯಲ್ಲಿ ಯಾರು ಯಾರ ವಿಷಯ ಎತ್ತಿದರೂ ನಿಮಗೆ ದೋಸೆ ಮಗುಚುವ ಕೆಲಸವಿದೆ. ಆಗ ಅಂಗಡಿಯ ದೋಸೆಹಿಟ್ಟು ತಂದು ಸೆಟ್ ದೋಸೆ ಹೊಯ್ಯಿರಿ. ಒಂದು ಕಿಲೋ ಹಿಟ್ಟಿನಲ್ಲಿ 12ರಿಂದ 15 ದೋಸೆ ಬರುತ್ತವೆ. ಚಟ್ನಿ ಮೊದಲೇ ರುಬ್ಬಿಡಿ, ಬಡಿಸಲು ಬೇರೆಯವರನ್ನು ನಿಲ್ಲಿಸಿ. ಶ್ರಮ ಸ್ವಲ್ಪ ಹೆಚ್ಚು, ಆದರೆ ಅದನ್ನು ನೀವೇ ಆರಿಸಿಕೊಂಡಿದ್ದೀರಿ.

ಇನ್ನು ಉಪ್ಪಿಟ್ಟು. ನನಗೆ ಉಪ್ಪಿಟ್ಟಿನ ಮೇಲೆ ಗೌರವವಿದೆ, ಚೆನ್ನಾಗಿ ಹುರಿದ ಬನ್ಸಿ ರವೆಯ ಉಪ್ಪಿಟ್ಟು ಉತ್ತಮವಾದ ತಿಂಡಿ. ಆದರೂ ಈ ನೆಂಟರಿಗೆ ಮಾಡಬೇಡಿ. "ಅಷ್ಟು ದೂರದಿಂದ ಹೋದರೆ ಉಪ್ಪಿಟ್ಟು ಹಾಕಿ ಕಳಿಸಿದರು" ಎಂಬ ಮಾತು ನಾಲ್ಕು ಮನೆ ಸುತ್ತಿ ನಿಮ್ಮ ಕಿವಿಗೇ ಬರುತ್ತದೆ. ರವೆ ಹುರಿದು, ಈರುಳ್ಳಿ ಮೆಣಸಿನಕಾಯಿ ಹೆಚ್ಚಿ, ಒಗ್ಗರಣೆ ಹಾಕುವ ಹೊತ್ತಿಗೆ ಪುಳಿಯೋಗರೆಯೇ ಕಲಸಿ ಮುಗಿದಿರುತ್ತದೆ, ಅದಕ್ಕೆ ಹಬ್ಬದ ಹೆಸರೂ ಇದೆ. ಒಪ್ಪತ್ತಿನವರು ಬಂದಾಗ ಮಾತ್ರ ಲೆಕ್ಕ ಬೇರೆ. ಅನ್ನ ತಿನ್ನದ ದಿನ ಉಪ್ಪಿಟ್ಟು, ಅವಲಕ್ಕಿ ಫಲಾಹಾರವಾಗುತ್ತವೆ. ಆಗ ಅದೇ ಉಪ್ಪಿಟ್ಟಿಗೆ ತುಪ್ಪ, ಗೋಡಂಬಿ ಹಾಕಿ ಬಡಿಸಿದರೆ ನಿಮ್ಮ ಕಾಳಜಿಯನ್ನೇ ಹೊಗಳುತ್ತಾರೆ.

ಮೂರನೆಯ ಹೆಜ್ಜೆ: ಊಟ ತಪ್ಪದಿದ್ದರೆ ಬಿಸಿಬೇಳೆಬಾತ್

ಮಧ್ಯಾಹ್ನದ ಊಟವೇ ಗಟ್ಟಿಯಾದರೆ ನನ್ನ ಮೊದಲ ಆಯ್ಕೆ ಇದು. ಅನ್ನ, ಹುಳಿ, ಪಲ್ಯ ಮೂರನ್ನೂ ಒಂದೇ ಪಾತ್ರೆ ಮುಗಿಸುತ್ತದೆ. ಈರುಳ್ಳಿ ಇಲ್ಲದೆಯೂ ರುಚಿ ಕೆಡುವುದಿಲ್ಲ, ಆದ್ದರಿಂದ ಎಲ್ಲ ಮನೆತನದವರಿಗೂ ನಡೆಯುತ್ತದೆ.

ಆರು ಜನಕ್ಕೆ, 200 ಮಿಲಿ ಲೋಟದ ಅಳತೆಯಲ್ಲಿ, ಒಂದೂವರೆ ಲೋಟ ಸೋನಾ ಮಸೂರಿ ಅಕ್ಕಿ, ಒಂದು ಲೋಟ ತೊಗರಿಬೇಳೆ. ಎರಡನ್ನೂ ತೊಳೆದು, ಏಳು ಲೋಟ ನೀರು, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಐದು ಲೀಟರಿನ ಕುಕ್ಕರಿನಲ್ಲಿ ಐದು ವಿಷಲ್ ಕೂಗಿಸಿ. ಅಕ್ಕಿ ಬೇಳೆ ಎರಡೂ ಹಣ್ಣಾಗಿ ಬೆಂದಿರಬೇಕು.

ಕುಕ್ಕರ್ ಕೂಗುವಷ್ಟರಲ್ಲಿ ಬೇರೊಂದು ಪಾತ್ರೆಯಲ್ಲಿ ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಬಟಾಣಿಯನ್ನು ಉಪ್ಪು ಹಾಕಿ ಬೇಯಿಸಿ. ತರಕಾರಿ ಹೆಚ್ಚಲು ಬೇಸರವಾದರೆ ಬಟಾಣಿ, ಕ್ಯಾರೆಟ್ ಎರಡೇ ಸಾಕು. ಚಳಿಗಾಲವಾದರೆ ಅವರೆಕಾಳೊಂದೇ ಸಾಕು, ಅದರ ಮುಂದೆ ಬೇರೆ ತರಕಾರಿ ಬೇಕಿಲ್ಲ. ತರಕಾರಿ ಮೆತ್ತಗಾದ ಮೇಲೆಯೇ ನಿಂಬೆಹಣ್ಣಿನ ಗಾತ್ರದ ಹುಣಸೆಯ ರಸ ಹಾಕಿ. ಹುಳಿ ಮೊದಲೇ ಬಿದ್ದರೆ ತರಕಾರಿಯೂ ಬೇಳೆಯೂ ಗಟ್ಟಿಯಾಗಿಯೇ ಉಳಿಯುತ್ತವೆ. ಸಣ್ಣ ಚೂರು ಬೆಲ್ಲ, ನಾಲ್ಕು ದೊಡ್ಡ ಚಮಚ ಬಿಸಿಬೇಳೆಬಾತ್ ಪುಡಿ ಸೇರಿಸಿ ಐದು ನಿಮಿಷ ಕುದಿಸಿ. ಪುಡಿಯನ್ನು ಮನೆಯಲ್ಲೇ ಮಾಡುತ್ತೇನೆಂದು ಹಟ ಹಿಡಿಯಬೇಡಿ. ಅಂಗಡಿಯ ಪುಡಿಗೆ ಎರಡು ಬ್ಯಾಡಗಿ ಮೆಣಸಿನಕಾಯಿ, ಎರಡು ಲವಂಗ, ಸಣ್ಣ ಚೂರು ಚಕ್ಕೆ ಹುರಿದು ಪುಡಿಮಾಡಿ ಬೆರೆಸಿದರೆ ಬಣ್ಣವೂ ಘಮವೂ ಮನೆಯದಾಗುತ್ತದೆ.

ಈಗ ಬೆಂದ ಅಕ್ಕಿಬೇಳೆಯನ್ನು ಮಸೆದು ಇದಕ್ಕೆ ಸುರಿಯಿರಿ, ಎರಡು ಲೋಟ ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ. ತಳ ಹಿಡಿಯದಂತೆ ಆಗಾಗ ಕೈಯಾಡಿಸಬೇಕು. ಸೌಟಿನಿಂದ ಸುರಿದರೆ ಹರಿಯುವಷ್ಟು ತೆಳ್ಳಗಿರಲಿ. ಇಟ್ಟಂತೆ ಗಟ್ಟಿಯಾಗುವುದು ಇದರ ಗುಣ, ಬಡಿಸುವ ಮುಂಚೆ ಇನ್ನಷ್ಟು ಬಿಸಿನೀರು ಬೇಕೇ ಆಗುತ್ತದೆ. ಕೊನೆಗೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು, ಗೋಡಂಬಿಯ ಒಗ್ಗರಣೆ. ತುಪ್ಪದಲ್ಲಿ ಮಾತ್ರ ಜಿಪುಣತನ ಬೇಡ. ಆ ವಾಸನೆ ಬಾಗಿಲಿಗೆ ಬಂದರೆ ಒಳಗೆ ಹಬ್ಬದ ಅಡುಗೆ ನಡೆದಿದೆ ಎನಿಸುತ್ತದೆ.

ಇದರ ಪಕ್ಕಕ್ಕೆ ಅಂಗಡಿಯ ಖಾರಾಬೂಂದಿ, ಸೌತೆಕಾಯಿಯ ಮೊಸರುಬಜ್ಜಿ. ಬೇರೆ ಪಲ್ಯ, ಸಾರು, ಗೊಜ್ಜು ಬೇಡ. ಕೊನೆಗೆ ಮೊಸರನ್ನ ಬೇಕೇಬೇಕೆನ್ನುವವರಿಗೆ ಅನ್ನವನ್ನು ಮೆತ್ತಗೆ ಮಾಡಿ, ಹಾಲು ಹೆಚ್ಚು ಮೊಸರು ಕಡಿಮೆ ಹಾಕಿ ಕಲಸಿಡಿ. ಬಡಿಸುವ ಹೊತ್ತಿಗೆ ಹದವಾಗುತ್ತದೆ, ಹುಳಿಯಾಗುವುದಿಲ್ಲ.

ಹೊರದೇಶದಲ್ಲಿರುವವರಿಗೂ ಈ ಅಡುಗೆ ಅನುಕೂಲ. ಕರೆಂಟಿನ ಪ್ರೆಷರ್ ಕುಕ್ಕರಿನಲ್ಲಿ ಇದೇ ಅಳತೆ ನಡೆಯುತ್ತದೆ, ತರಕಾರಿಯ ಜಾಗಕ್ಕೆ ಫ್ರೀಜರಿನ ಬೆರಕೆ ತರಕಾರಿಯ ಪೊಟ್ಟಣ ಸಾಕು.

ನಾಲ್ಕನೆಯ ಹೆಜ್ಜೆ: ಹೇಳದೆ ಬರುವವರಿಗಾಗಿ ಒಂದು ಬಾಟಲಿ ಗೊಜ್ಜು

ಫೋನ್ ಮಾಡದೆ ಬಾಗಿಲು ತಟ್ಟುವವರಿಗೆ ಉತ್ತರ ಪುಳಿಯೋಗರೆ ಗೊಜ್ಜು. ಮೇಲುಕೋಟೆಯ ಪುಳಿಯೋಗರೆಗೆ ಇರುವ ಹೆಸರಿನಿಂದಾಗಿ ಈ ಅನ್ನ ಎಲ್ಲಿ ಬಡಿಸಿದರೂ ಪ್ರಸಾದದ ಮರ್ಯಾದೆ ಪಡೆಯುತ್ತದೆ. ಬಿಡುವಿರುವ ಒಂದು ಸಂಜೆ ಮಾಡಿಟ್ಟುಕೊಂಡರೆ ಫ್ರಿಜ್ಜಿನಲ್ಲಿ ಒಂದು ತಿಂಗಳು ಕೆಡುವುದಿಲ್ಲ.

100 ಗ್ರಾಂ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಗಟ್ಟಿ ರಸ ಹಿಂಡಿ ಸೋಸಿ. ದಪ್ಪ ತಳದ ಬಾಣಲೆಯಲ್ಲಿ ಆರು ದೊಡ್ಡ ಚಮಚ ಎಳ್ಳೆಣ್ಣೆ ಕಾಯಿಸಿ ಸಾಸಿವೆ, ಕರಿಬೇವು, ಇಂಗು, ಅರಿಶಿನ ಹಾಕಿ, ರಸ ಸುರಿಯಿರಿ. ಉಪ್ಪು, 100 ಗ್ರಾಂ ಬೆಲ್ಲ ಸೇರಿಸಿ ಕುದಿಯಲು ಬಿಡಿ. ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗತೊಡಗುತ್ತದೆ. ಆಗ ಐದು ದೊಡ್ಡ ಚಮಚ ಸಾರಿನ ಪುಡಿ, ಎರಡು ಚಮಚ ಹುರಿದು ಪುಡಿಮಾಡಿದ ಕರಿ ಎಳ್ಳು ಹಾಕಿ ಎಣ್ಣೆ ಮೇಲೆ ತೇಲುವವರೆಗೆ ಕೈಯಾಡಿಸಿ. ಎಣ್ಣೆ ಬಿಡುವ ಮುಂಚೆ ಇಳಿಸಿದರೆ ಬೇಗ ಬೂಸಲು ಬರುತ್ತದೆ. ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ, ಒದ್ದೆ ಚಮಚ ತಾಗಿಸಬೇಡಿ. ಕಡಲೆಕಾಯಿ ಬೀಜವನ್ನು ಗೊಜ್ಜಿಗೇ ಹಾಕಿಟ್ಟರೆ ಮೆತ್ತಗಾಗಿಬಿಡುತ್ತದೆ, ಕಲಸುವಾಗ ಹುರಿದು ಹಾಕುವುದೇ ಸರಿ.

ನೆಂಟರು ಚಪ್ಪಲಿ ಬಿಡುವಾಗ ಅನ್ನಕ್ಕಿಡಿ, ತಲೆಗೆ 100 ಗ್ರಾಂ ಅಕ್ಕಿಯ ಲೆಕ್ಕ. ಅನ್ನ ಉದುರುದುರಾಗಿರಲಿ. ತಟ್ಟೆಗೆ ಹರಡಿ ಆರಿಸಿ, ಒಂದಿಷ್ಟು ಎಣ್ಣೆ ಸವರಿ, ಒಬ್ಬರಿಗೆ ಎರಡು ಚಮಚದಂತೆ ಗೊಜ್ಜು, ಒಣಕೊಬ್ಬರಿ ತುರಿ, ಹುರಿದ ಕಡಲೆಕಾಯಿ ಬೀಜ ಹಾಕಿ ಕಲಸಿ. ಮೊದಲೇ ತಿಳಿದಿದ್ದರೆ ಒಂದು ಗಂಟೆ ಮುಂಚೆ ಕಲಸಿಡಿ, ಹುಳಿ ಹೀರಿಕೊಂಡ ಅನ್ನಕ್ಕೇ ರುಚಿ ಹೆಚ್ಚು. ಜೊತೆಗೆ ಹೆಸರುಬೇಳೆ ಕೋಸಂಬರಿ. ಬೇಳೆ ಅರ್ಧ ಗಂಟೆ ನೆಂದರೆ ಸಾಕು, ಒಲೆಯ ಕೆಲಸವೇ ಇಲ್ಲ. ಉಪ್ಪನ್ನು ಬಡಿಸುವ ಗಳಿಗೆಯಲ್ಲಿ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ.

ಇದೇ ಗೊಜ್ಜಿನಿಂದ ಗೊಜ್ಜವಲಕ್ಕಿಯೂ ಆಗುತ್ತದೆ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿಯಾಗಿ ಒಡೆದು, ಗೊಜ್ಜು ಕದಡಿದ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಒಗ್ಗರಣೆ ಮತ್ತು ಕೊಬ್ಬರಿ ಹಾಕಿದರೆ ಮುಗಿಯಿತು.

ಒಲೆಯ ಕೆಲಸ ಹೆಚ್ಚು ಬೇಡವೆಂದರೆ ರೊಟ್ಟಿ ಊಟ

ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿ ಈಗ ಬೆಂಗಳೂರು, ಮೈಸೂರಿನ ಅಂಗಡಿಗಳಲ್ಲೂ ಸಿಗುತ್ತದೆ, ವಾರಗಟ್ಟಲೆ ಕೆಡುವುದಿಲ್ಲ. ಒಂದು ಕಟ್ಟು ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಈರುಳ್ಳಿ, ಸೌತೆಕಾಯಿ, ಬೆಣ್ಣೆ. ನೀವು ಮಾಡಬೇಕಾದದ್ದು ಒಂದು ಝುಣಕ ಮಾತ್ರ. ಈರುಳ್ಳಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆಗೆ ನೀರು ಹಾಕಿ ಕುದಿಸಿ, ಕಡಲೆಹಿಟ್ಟನ್ನು ಗಂಟಾಗದಂತೆ ತಿರುವಿ, ಮುಚ್ಚಿ ಬೇಯಿಸಿದರೆ ಹದಿನೈದು ನಿಮಿಷದ ಕೆಲಸ. ದಕ್ಷಿಣದ ನೆಂಟರಿಗೆ ಇದು ಅಪರೂಪದ ಊಟ, ಮನಸಾರೆ ತಿನ್ನುತ್ತಾರೆ. ಧಾರವಾಡ, ವಿಜಯಪುರದ ಕಡೆಯವರಿಗೇ ಇದನ್ನು ಬಡಿಸಿದರೆ ಬಿಸಿ ರೊಟ್ಟಿ ಇಲ್ಲವೇ ಎಂಬ ಪ್ರಶ್ನೆ ಬರುತ್ತದೆ, ಅವರಿಗೆ ಬಿಸಿಬೇಳೆಬಾತ್ ಮಾಡಿ.

ಸಂಜೆ ಬರುವವರಿಗೆ

ಕರಾವಳಿಯವರ ದಡ್ಪೆ ಅವಲಕ್ಕಿಗಿಂತ ಸುಲಭವಾದದ್ದು ನನಗೆ ಗೊತ್ತಿಲ್ಲ. ತೆಳು ಅವಲಕ್ಕಿ, ತೆಂಗಿನತುರಿ, ಹಸಿಮೆಣಸಿನಕಾಯಿ, ಬೆಲ್ಲ, ಉಪ್ಪು, ಒಂದು ಒಗ್ಗರಣೆ. ಕಾಯಿಯ ತೇವಕ್ಕೇ ಅವಲಕ್ಕಿ ಮೆತ್ತಗಾಗುತ್ತದೆ, ನೀರು ಬೇಕಿಲ್ಲ. ಹುಬ್ಬಳ್ಳಿ ಕಡೆಯವರು ಇದೇ ಹೊತ್ತಿಗೆ ಮಂಡಕ್ಕಿಯ ಗಿರ್ಮಿಟ್ ಕಲಸುತ್ತಾರೆ. ಜೊತೆಗೆ ಒಳ್ಳೆಯ ಫಿಲ್ಟರ್ ಕಾಫಿ. ಡಿಕಾಕ್ಷನ್ ಮೊದಲೇ ಇಳಿಸಿಡಿ.

ಕೊಂಡು ತರುವುದರಲ್ಲಿ ತಪ್ಪಿಲ್ಲ

ಮಾಂಸದ ಊಟ ಬಡಿಸುವ ಮನೆಗಳಲ್ಲಿ ಬಾಡೂಟ ಮಾಡದಿದ್ದರೆ ನೆಂಟರು ಅದನ್ನೇ ಅವಮಾನವೆಂದುಕೊಳ್ಳುತ್ತಾರೆ. ಬಾಡೂಟ ಎಂದರೆ ಮಸಾಲೆ ರುಬ್ಬುವುದರಿಂದ ಮುದ್ದೆ ಕಟ್ಟುವವರೆಗೆ ಅರ್ಧ ದಿನದ ಕೆಲಸ, ಅದನ್ನು ಪ್ರೀತಿಯವರಿಗೆ ಮೀಸಲಿಡಿ. ಇವರನ್ನು ಸೋಮವಾರ ಅಥವಾ ಶನಿವಾರ ಕರೆಯಿರಿ. ಆ ದಿನಗಳಲ್ಲಿ ಮಾಂಸ ಮುಟ್ಟದ ಮನೆಗಳೇ ಹೆಚ್ಚು, ಮಾತೇ ಬರುವುದಿಲ್ಲ. ಭಾನುವಾರವೇ ಬಂದರೆ ದೊನ್ನೆ ಬಿರಿಯಾನಿ ತರಿಸಿ, ಮನೆಯಲ್ಲಿ ಮೊಸರುಬಜ್ಜಿ ಮತ್ತು ಬೇಯಿಸಿದ ಮೊಟ್ಟೆ ಮಾಡಿ.

ಸಿಹಿಯನ್ನಂತೂ ಬಿಡಬಾರದು. ಒಂದು ಸಿಹಿ ಇದ್ದರೆ ಎಂಥ ಸರಳ ಊಟವೂ ಸತ್ಕಾರವಾಗುತ್ತದೆ, ಇಲ್ಲದಿದ್ದರೆ ಹತ್ತು ಬಗೆ ಮಾಡಿದರೂ ಬರಿಯ ಊಟ. ಮೈಸೂರುಪಾಕ, ಧಾರವಾಡ ಪೇಡ, ಬೆಳಗಾವಿಯ ಕುಂದಾ, ಗೋಕಾಕಿನ ಕರದಂಟು, ನಿಮ್ಮೂರಿನಲ್ಲಿ ಯಾವುದು ಒಳ್ಳೆಯದು ಸಿಗುತ್ತದೋ ಅದು. ಹೋಳಿಗೆ ಅಂಗಡಿಗಳು ಈಗ ಬಡಾವಣೆಗೊಂದಿವೆ. ಬಿಸಿಮಾಡಿ ತುಪ್ಪ ಹಾಕಿ ಕೊಡಿ, ಅಂಗಡಿಯದೆಂದು ಮುಚ್ಚಿಡಬೇಕಿಲ್ಲ. ಮನೆಯಲ್ಲೇ ಮಾಡಬೇಕೆಂದಿದ್ದರೆ ಬಾಳೆಹಣ್ಣಿನ ರಸಾಯನ ಸಾಕು: ಹೆಚ್ಚಿದ ಹಣ್ಣು, ಬೆಲ್ಲ, ಕಾಯಿಹಾಲು, ಏಲಕ್ಕಿ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಒತ್ತಾಯ ಮಾಡಬೇಡಿ, ಮಜ್ಜಿಗೆ, ಕೋಸಂಬರಿ ಮುಂದಿಡಿ.

ಕೊನೆಯ ಹೆಜ್ಜೆ: ಬಡಿಸುವುದು, ಬೀಳ್ಕೊಡುವುದು

ಪಾತ್ರೆಗಳನ್ನೆಲ್ಲ ಮೇಜಿನ ಮೇಲಿಟ್ಟು ಎಲ್ಲರೂ ಒಟ್ಟಿಗೇ ಕೂತುಬಿಡಿ. ಹಿರಿಯರಿಗೆ ಮೊದಲ ಸಲ ನಿಮ್ಮ ಕೈಯಾರೆ ಬಡಿಸಿ, ಇನ್ನೊಂದು ಸೌಟು ಹಾಕಿಸಿಕೊಳ್ಳಿ ಎಂದು ಉಪಚಾರ ಹೇಳಿ. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ ಎಂಬ ಗಾದೆ ನಿಮ್ಮ ಮನೆಗೆ ಅನ್ವಯಿಸಬಾರದು. ಕಡಿಮೆ ಮಾಡಬೇಕಾದದ್ದು ಬಗೆಗಳನ್ನು, ಅಳತೆಯನ್ನಲ್ಲ. ಒಂದೇ ಅಡುಗೆಯಾದರೂ ಎರಡನೆಯ ಸಲಕ್ಕೂ ಮೂರನೆಯ ಸಲಕ್ಕೂ ಧಾರಾಳವಾಗಿರಲಿ. ಚುಚ್ಚುವ ಪ್ರಶ್ನೆ ಬಂದಾಗ "ಮೊಸರುಬಜ್ಜಿ ಹಾಕಲೇ?" ಎಂದು ಕೇಳಿ, ತಟ್ಟೆಯ ಕಡೆ ಗಮನ ಹೊರಳಿದರೆ ಪ್ರಶ್ನೆ ಅಲ್ಲೇ ಬೀಳುತ್ತದೆ.

ಎಲೆ, ಅಡಿಕೆ, ಬಾಳೆಹಣ್ಣು, ಅರಿಶಿನ ಕುಂಕುಮದ ಬಟ್ಟಲನ್ನು ಅವರು ಬರುವ ಮುಂಚೆಯೇ ತಟ್ಟೆಯಲ್ಲಿ ಜೋಡಿಸಿ ದೇವರ ಮುಂದಿಡಿ. ಅರಿಶಿನ ಕುಂಕುಮ ಕೊಡುವುದು ಬೀಳ್ಕೊಡುವ ಶಾಸ್ತ್ರ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮಾತು ಒಂದು ಕಡೆ ನಿಂತ ಗಳಿಗೆ ನೋಡಿ ತಟ್ಟೆ ಹಿಡಿದು ಬನ್ನಿ. ಹೆಂಗಸರು ಕುಂಕುಮ ತೆಗೆದುಕೊಂಡರೆಂದರೆ ಗಂಡಸರು ಚಪ್ಪಲಿ ಹುಡುಕುತ್ತಾರೆ.

ರಾತ್ರಿ ಉಳಿದುಕೊಂಡರೆ

ಆಗ ಅಡುಗೆಗಿಂತ ಹೊತ್ತಿನ ಹಂಚಿಕೆ ಮುಖ್ಯ. ರಾತ್ರಿಗೆ ತಿಳಿಸಾರು, ಅನ್ನ, ಹಪ್ಪಳ. ಬಿಸಿ ಅನ್ನಕ್ಕೆ ಮೆಂತ್ಯದ ಹಿಟ್ಟು, ತುಪ್ಪ ಇಟ್ಟರೆ ಪಲ್ಯದ ಕೊರತೆ ಕಾಣುವುದಿಲ್ಲ. ಬೆಳಿಗ್ಗೆ ಹತ್ತಿರದ ದರ್ಶಿನಿಯಿಂದ ಇಡ್ಲಿ ತರಿಸಿ. ತರಲು ಆ ನೆಂಟರಲ್ಲೇ ಒಬ್ಬರನ್ನು ಜೊತೆಗೆ ಕಳಿಸಿ, ವಾಕಿಂಗ್ ಆಗುತ್ತದೆ, ಮನೆಯೂ ಅರ್ಧ ಗಂಟೆ ತಣ್ಣಗಿರುತ್ತದೆ. ರಾತ್ರಿ ಉಳಿದ ಅನ್ನವನ್ನು ಮರುದಿನ ಮಧ್ಯಾಹ್ನ ಚಿತ್ರಾನ್ನ ಮಾಡಬೇಕೆಂದಿದ್ದರೆ ಆ ಅನ್ನ ರಾತ್ರಿಯೇ, ಬೇಯಿಸಿದ ಎರಡು ಗಂಟೆಯೊಳಗೆ, ಫ್ರಿಜ್ಜಿಗೆ ಹೋಗಿರಬೇಕು. ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು ಮತ್ತೆ ಬಿಸಿಮಾಡಿದರೂ ಹೊಟ್ಟೆ ಕೆಡಬಹುದು, ಹಾಗೆ ಹೊಟ್ಟೆ ಕೆಟ್ಟ ನೆಂಟರು ಇನ್ನೂ ಎರಡು ದಿನ ನಿಮ್ಮ ಮನೆಯಲ್ಲೇ ಮಲಗುತ್ತಾರೆ. ಎರಡನೆಯ ರಾತ್ರಿಯೂ ಇರುವುದಾದರೆ ಮುಚ್ಚುಮರೆಯಿಲ್ಲದೆ ಹೇಳಿ: "ನಾಳೆ ಬೆಳಿಗ್ಗೆಯಿಂದ ನನಗೆ ಕೆಲಸವಿದೆ, ಅಕ್ಕಿ ಬೇಳೆ ಇಲ್ಲಿದೆ, ಅಡುಗೆ ನೀವು ಮಾಡಿಕೊಳ್ಳಿ." ಅಕ್ಕಿಯ ಡಬ್ಬಿ, ಒಲೆಯ ಲೈಟರ್, ಪುಳಿಯೋಗರೆ ಗೊಜ್ಜಿನ ಬಾಟಲಿ ಎಲ್ಲಿದೆಯೆಂದು ತೋರಿಸಿಕೊಟ್ಟು ನಿಮ್ಮ ಕೆಲಸಕ್ಕೆ ಹೊರಡಿ.